ಉಕ್ಕಿನೊಳಗೆ ಕಟ್ಟಿದ ಹರಳು

ಎಲ್ಲಕ್ಕೂ ಮೂಲ ಮಾಯಣ್ಣನ ಹೆಗಲು. ತೆಂಗಿನಕಾಯಿ ಸುಲಿಯುವ ಕಬ್ಬಿಣದ ಈಟಿಯನ್ನು ತೋಟದಿಂದ ತೋಟಕ್ಕೆ ಹೊತ್ತು ಹೊತ್ತು ಅದು ಸೋತುಹೋಗಿತ್ತು. ಕಸುಬೇ ಬಿಡುತ್ತೇನೆಂದು ಅವನು ಕಣ್ಣೀರು ಹಾಕಿದಾಗ, ಕಿಬ್ಬನಹಳ್ಳಿಯ ಮೆಕ್ಯಾನಿಕ್ ಲಿಯಾಕತ್ ಅಲಿಯ ಕರುಳು ಚುರುಕ್ಕೆಂದಿತು.

"ಹಗುರ ಸ್ಟೀಲಲ್ಲಿ ಮಾಡ್ಕೊಡ್ತೀನಿ ಕಣಪ್ಪ. ಮುರಿದ್ರೆ ನಿನ್ನ ಹಳೇದನ್ನ ನಾನೇ ಹೊರ್ತೀನಿ" ಎಂದು ಎಲ್ಲರೆದುರು ಮಾತು ಕೊಟ್ಟುಬಿಟ್ಟ.

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿದ್ದ ಭಾಮೈದ ಖುದ್ದೂಸ್ ಸ್ಟೀಲನ್ನೂ ಒಂದು ಚೀಟಿಯನ್ನೂ ಕಳಿಸಿದ್ದ. ಹಳದಿಯಾಗುವಷ್ಟು ಕಾಯಿಸಿ, ತಕ್ಷಣ ನೀರಿಗೆ ಅದ್ದಬೇಕು ಎಂದಿತ್ತು ಅದರಲ್ಲಿ.

"ಅದ್ಯಾಕೆ ಸಾಬ್ರೇ ಅಷ್ಟು ಅವಸರ?" ಎಂದ ಮಾಯಣ್ಣ.

"ತುಪ್ಪ ನಿಧಾನಕ್ಕೆ ಆರಿದ್ರೆ ಹರಳು ಕಟ್ಟಲ್ವಾ? ಹಂಗೇ ಇದ್ರೊಳಗೆ ಬೆರೆತಿರೋ ಅಲ್ಯೂಮಿನಿಯಂ ಬೇರೆಯಾಗಿ ಹರಳು ಕಟ್ತದೆ. ಕಣ್ಣಿಗೆ ಕಾಣಲ್ಲ. ಆಮೇಲೆ ಪಟ್ ಅಂತ ಮುರೀತದೆ."

ಬೆಳಿಗ್ಗೆ ಕುಲುಮೆ ಹೊತ್ತಿತು. ಈಟಿ ಹಳದಿಯಾಯಿತು. ಲಿಯಾಕತ್ ಅದನ್ನು ಇಕ್ಕಳದಲ್ಲಿ ಎತ್ತಿಕೊಂಡು ತಿರುಗಿದರೆ, ನೀರು ತುಂಬಿಟ್ಟಿದ್ದ ಬಕೀಟೇ ಇಲ್ಲ! ಪಕ್ಕದ ಟೀ ಅಂಗಡಿಯ ಹೊಂಬಾಳಮ್ಮ ಒಯ್ದಿದ್ದಳು.

"ಒಸಿ ತಡೀರಿ, ಕಾಯ್ಸಿದ್ದು ಎಲ್ಲಿ ಓಡೋಯ್ತದೆ?" ಎಂದ ದಾರಿಹೋಕ ಹುಚ್ಚಣ್ಣ.

ಲಿಯಾಕತ್ ತಡೆಯಲಿಲ್ಲ. ಉರಿಯುವ ಈಟಿಯೊಂದಿಗೇ ಓಡಿ, ಅವಳು ಲೋಟ ತೊಳೆಯುತ್ತಿದ್ದ ಬಕೀಟಿಗೆ ಅದ್ದಿದ. ನಾಲ್ಕು ಗಾಜಿನ ಲೋಟ ಸೀಳಿಹೋದವು. ಹೊಂಬಾಳಮ್ಮನ ಬೈಗುಳ ಊರಿಗೇ ಕೇಳಿಸಿತು. ಆದರೇನು, ಈಟಿ ಗೆದ್ದಿತ್ತು. ತಿಕ್ಕಿ ಬೆಳ್ಳಗೆ ಬೆಳಗಿ, ಮಾಯಣ್ಣನ ಕೈಗಿಟ್ಟಾಗ ಲಿಯಾಕತ್‌ಗೆ ಮಗಳನ್ನು ಒಪ್ಪಿಸಿದಷ್ಟು ನೆಮ್ಮದಿಯಾಯಿತು.

ಸಂಜೆ ತೋಟದಲ್ಲಿ ಜನ ಸೇರಿದರು. ಮಾಯಣ್ಣ ಗೋಣಿಚೀಲದಿಂದ ಈಟಿ ತೆಗೆದ. ಕಪ್ಪಗಿತ್ತು.

"ಇದ್ಯಾಕೋ ಹಿಂಗಾಯ್ತು?" ಎಂದ ಲಿಯಾಕತ್.

"ಫಳಫಳ ಅಂತಿತ್ತು ಸಾಬ್ರೇ. ನೀವು ಅಷ್ಟು ಕಷ್ಟಪಟ್ಟು ಮಾಡಿದ್ದು, ದೃಷ್ಟಿ ಆಗ್ಬಾರ್ದು, ಕಪ್ಪಾಗ್ಲಿ ಅಂತ ಮಧ್ಯಾಹ್ನದಿಂದ ಕರಟದ ಕೆಂಡದಲ್ಲಿ ಹೂತಿಟ್ಟಿದ್ದೆ. ಅಟ್ಟದ ಕೊಬ್ಬರಿ ಒಣಗಿಸ್ದಂಗೆ ನಿಧಾನಕ್ಕೆ ಆರಿಸಿವ್ನಿ. ಒಂಚೂರೂ ಅವಸರ ಮಾಡಿಲ್ಲ."

ಲಿಯಾಕತ್ ಬೇಡ ಎನ್ನುವಷ್ಟರಲ್ಲಿ ಮಾಯಣ್ಣ ಈಟಿ ನೆಟ್ಟು ಮೊದಲ ಕಾಯಿಯನ್ನು ಅದಕ್ಕೆ ಚುಚ್ಚಿ ತಿರುಚಿದ.

ಪಟ್!

ಮುರಿದ ತುಂಡನ್ನು ಮಾಯಣ್ಣ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಹರಳೇನೂ ಕಾಣಾಕಿಲ್ವಲ್ಲ ಸಾಬ್ರೇ?"

ಲಿಯಾಕತ್ ಮರಕ್ಕೊರಗಿಸಿದ್ದ ಹಳೆಯ ಕಬ್ಬಿಣದ ಈಟಿಯನ್ನು ತನ್ನ ಹೆಗಲಿಗೇರಿಸಿಕೊಂಡ. ಬರೀ ಟವೆಲ್ ಹೊದ್ದು ಮುಂದೆ ನಡೆಯುತ್ತಿದ್ದ ಮಾಯಣ್ಣ ತಿರುಗಿ ಹೇಳಿದ:

"ಕಸುಬು ಬಿಡಾಕಿಲ್ಲ ಬುಡಿ ಸಾಬ್ರೇ. ನಾಳೆ ಮಾಯಸಂದ್ರದ ಕಡೆ ಎರಡು ತೋಟ ಅವೆ. ಒಸಿ ಬೇಗ ಬನ್ನಿ."