ಗೋಡೆ ಮೇಲಿನ ಒಂಟಿ ಕುರಿ

ಒಂದು ಕರಿ ಕಂಬಳಿಗೆ ಒಂದು ಗೋಡೆ ಚಿತ್ರ. ಪೇಂಟರ್ ಜೊತೆ ನನ್ನ ವ್ಯವಹಾರ ಇಷ್ಟೇ. ಹಿರಿಯೂರಿನಲ್ಲಿ ಕಂಬಳಿ ಅಂಗಡಿ ಇಟ್ಟವನಿಗೆ ನಗೋ ಪ್ರಸಂಗಗಳಿಗೆ ಬರವಿಲ್ಲ. ಕೂತು ಕೇಳಿ ನಗೋರಿಗೇ ಬರ. ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ನಾನು ಮತ್ತು ಫ್ಯಾನು. ಜಗಲಿ ಗೋಡೆಗೆ ಚಿತ್ರ ಬಿದ್ದರೆ ನಾಲ್ಕು ಜನ ನಿಂತಾರು ಅಂದುಕೊಂಡೆ.

ಮೊಟ್ಟೆ

ಮೊದಲ ದಿನ ಪೇಂಟರ್ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಹತ್ತಾರು ಮೊಟ್ಟೆಯಾಕಾರ ಬರೆದು, ಪಕ್ಕದಲ್ಲೊಂದು ತ್ರಿಕೋನ ನಿಲ್ಲಿಸಿ ಹೋದ. ಮೊಟ್ಟೆಗೆ ಕಾಲು ಬಂದರೆ ಕುರಿಯಂತೆ, ತ್ರಿಕೋನಕ್ಕೆ ಮುಖ ಬಂದರೆ ಕಂಬಳಿ ಕೊಪ್ಪೆ ಹಾಕಿದ ಕುರಿಗಾಹಿಯಂತೆ. ಆವತ್ತು ಬಂದ ಗಿರಾಕಿ ಒಬ್ಬಳೇ ಹೆಂಗಸು. ಡಜನ್ ಎಷ್ಟು ಅಂತ ಕೇಳಿದಳು. ಡಜನ್‌ಗಟ್ಟಲೆ ಕಂಬಳಿ ಒಯ್ಯೋರು ಸಿಕ್ಕರಲ್ಲ ಅಂತ ಎದ್ದು ನಿಂತೆ.

"ನಾಟಿ ಕೋಳಿದೇ ತಾನೆ?" ಅಂದಳು.

ಖಾಲಿ ಜಾಗ

ಹಿಂಡೆಲ್ಲ ಎಡಕ್ಕೆ ಒತ್ತಿಕೊಂಡಿತು. ನಡುವೆ ಗೋಡೆ ಬೋಳು. ಬಲತುದಿಯಲ್ಲಿ, ಸರಿಯಾಗಿ ನಾನು ಕೂರೋ ಸ್ಟೂಲಿನ ಮೇಲ್ಗಡೆ, ಒಂದೇ ಒಂದು ಕುರಿ. ಆ ಬೋಳು ಜಾಗದಲ್ಲಿ 'ಉದ್ದರಿ ಇಲ್ಲ' ಅಂತಾದರೂ ಬರಿ ಅಂದೆ. ಹಿಂಡಿನ ಭಾರವನ್ನು ದೂರದ ಆ ಒಂಟಿ ಕುರಿ ಸರಿದೂಗಿಸುತ್ತೆ, ಸುತ್ತ ಖಾಲಿ ಇದ್ದರೇನೇ ಅದಕ್ಕೆ ತೂಕ ಅಂದ ಪೇಂಟರ್.

"ಖಾಲಿನೂ ಚಿತ್ರಾನೇ ಯಜಮಾನ್ರೇ."

"ಹಂಗಾದ್ರೆ ನಿನ್ನ ಕಂಬಳೀಲಿ ಮೊಳದಗಲ ತೂತಿದ್ರೂ ಅದು ಕಂಬಳೀನೇ ಬಿಡು."

ಮಾರನೇ ದಿನ ಬಂದವನು ಮೊದಲು ಕಂಬಳಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಬ್ರಷ್ ಮುಟ್ಟಿದ.

ಕಾವಲು

ಚಿತ್ರ ಮುಗಿಯಿತು. ಜನ ನಿಂತರು, ಮೊಬೈಲ್‌ನಲ್ಲಿ ಫೋಟೋ ಹಿಡಿದರು, ಮಾತಾಡಿಸದೆ ಹೋದರು.

ಒಂದು ಮಧ್ಯಾಹ್ನ ಸಂತೆಗೆ ಬಂದಿದ್ದ ಯಲ್ಲದಕೆರೆಯ ಮುದುಕ, ಕುರಿ ಕಾಯ್ದೇ ಹಣ್ಣಾದವನು, ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಜಗಲಿ ಹತ್ತಿದ. ಗೋಡೆ ನೋಡಿದವನೇ ಸಿಡುಕಿದ.

"ಇದನ್ಯಾಕ್ರಿ ಸಾವ್ಕಾರ್ರೇ ಒಂಟಿ ಬಿಟ್ಟೀರಿ? ತೋಳ ಬರಲ್ವೇನು?"

ಪೇಂಟರ್‌ನ ತೂಕದ ಪಾಠ ಒಪ್ಪಿಸಿದೆ.

"ತೂಕ ಇರೋದನ್ನೇ ತೋಳ ಹೊತ್ಕಂಡು ಹೋಗೋದು" ಅಂದ.

ಬಸ್ಸು ಬಂತು. ಮುದುಕ ಏಳಲಿಲ್ಲ. ಹೊರಡಲ್ವೇನಜ್ಜ ಅಂದೆ.

"ಒಂಟಿ ಕುರಿ ಕಂಡ್ಮೇಲೆ ಎದ್ದು ಹೋಗಾಕೆ ಆಯ್ತೈತೇನ್ರಿ? ನೀವು ಬಾಗ್ಲು ಹಾಕ್ರಿ, ಆಮೇಲೆ ಹೋಗಾಣ."

ಈಗ ಸಂತೆ ಇರಲಿ ಬಿಡಲಿ, ಮಧ್ಯಾಹ್ನ ಬರುತ್ತಾನೆ. ಇನ್ನೊಂದು ಸ್ಟೂಲು ಹಾಕಿಸಿದ್ದೇನೆ. ಕುರಿ ಪಕ್ಕ ಒಂದು ನಾಯಿ ಬರೆಸಿಬಿಡ್ರಿ, ನಾನು ಊರಲ್ಲೇ ಇರ್ತೀನಿ ಅನ್ನುತ್ತಾನೆ. ಪೇಂಟರ್ ಬಿಟ್ಟಿ ಬರೆದುಕೊಡುತ್ತೇನೆ ಅಂದ. ಗೋಡೆ ಮುಟ್ಟಿದರೆ ಕಂಬಳಿ ವಾಪಸ್ ಕಿತ್ತುಕೊಳ್ಳುತ್ತೇನೆ ಅಂದಿದ್ದೇನೆ.

ಒಟ್ಟು ಲೆಕ್ಕ ಹೀಗೆ. ಹೋದದ್ದು: ಒಂದು ಕಂಬಳಿ, ದಿನಾ ಒಂದು ಟೀ. ಬಂದದ್ದು: ಗೋಡೆ ಕುರಿಗೆ ಒಬ್ಬ ಕಾವಲುಗಾರ.