ಸುಧಾರಣೆಗೆ ನಾಲ್ಕು ಕುಡಗೋಲು

ಶಾಲೆ ಸುಧಾರಿಸಲು ಹೊರಟಾಗಲೆಲ್ಲ ಮೊದಲು ಮಾಸ್ತರರ ಫಜೀತಿಯಾಗುವುದು ನನ್ನ ನೌಕರಿಯುದ್ದಕ್ಕೂ ನಡೆದುಬಂದ ಸಂಗತಿ. ಒಂದು ವರ್ಷದ್ದನ್ನಷ್ಟೇ ಹೇಳುತ್ತೇನೆ.

ನಿಜಾಮರ ಕಾಲ. ಅಫಜಲಪುರದ ಕಡೆ ನಮ್ಮದೊಂದು ಮಿಡಲ್ ಶಾಲೆ. ಹೆಡ್‌ಮಾಸ್ತರರು, ಉರ್ದು ಮಾಸ್ತರರು, ಡ್ರಿಲ್ ಮಾಸ್ತರರು, ಲೆಕ್ಕ ಕಲಿಸುವ ನಾನು, ಇಷ್ಟೇ ಜನ. ಹಾಜರಿ ಸುಧಾರಿಸದಿದ್ದರೆ ಏಳನೇ ತರಗತಿ ಮುಚ್ಚುವುದಾಗಿ ಇನ್ಸ್‌ಪೆಕ್ಟರ್ ಸಾಹೇಬರ ಹುಕುಂ ಬಂತು. ಗುಲಬರ್ಗಾಕ್ಕೆ ಹೋಗಿ ಓದುವ ತಾಕತ್ತು ನಮ್ಮ ಒಬ್ಬ ಹುಡುಗನಿಗೂ ಇರಲಿಲ್ಲ.

೧. ತಪ್ಪು ಹುಡುಕುವ ಕೆಲಸ

ಹುಕುಮಿನ ಮೊದಲ ಕಲಮು: ಒಬ್ಬರ ಪಾಠದಲ್ಲಿ ಇನ್ನೊಬ್ಬರು ಕೂತು ತಪ್ಪು ಬರೆಯಬೇಕು. ನಾವು ದಿನಾ ಒಂದೇ ಗಡಿಗೆಯ ನೀರು ಕುಡಿಯುವವರು. ಮಾಸ್ತರರು ಮೂವರೂ "ತಪ್ಪಿಲ್ಲ" ಎಂದು ಬರೆದೆವು.

"ತಪ್ಪ ಇಲ್ಲಂದ್ರ ಸುಧಾರಿಸೂದು ಏನ್ರಿ?" ಎಂದು ಹೆಡ್‌ಮಾಸ್ತರರು ಸಿಟ್ಟಾದರು.

ಯಾರ ಮನಸ್ಸಿಗೂ ನೋವಾಗದಂಥದ್ದೊಂದನ್ನು ಕೂಡಿಯೇ ಆರಿಸಿ, ಎಲ್ಲರ ಹೆಸರಿನ ಮುಂದೆಯೂ "ದನಿ ಸಣ್ಣದು" ಎಂದು ಬರೆದೆವು. ಡ್ರಿಲ್ ಮಾಸ್ತರರು ಮೈದಾನದಲ್ಲಿ ಕೂಗಿದರೆ ಹೊಳೆಯಾಚೆಯ ದನ ತಿರುಗಿ ನೋಡುತ್ತಿದ್ದವು. ಅವರ ಹೆಸರಿನ ಮುಂದೆಯೂ ಅದೇ ಇತ್ತು.

೨. ಯೋಜನೆ

ಎರಡನೆಯ ಕಲಮು: ಮಾಸ್ತರರೆಲ್ಲ ಕೂಡಿ ಸುಧಾರಣೆಯ ಯೋಜನೆ ಬರೆಯಬೇಕು. ನಾನು ಕರಿಹಲಗೆ ಕೇಳಿದೆ, ಡ್ರಿಲ್ ಮಾಸ್ತರರು ಚೆಂಡು ಕೇಳಿದರು. ಉರ್ದು ಮಾಸ್ತರರು ಮುತ್ತಿನಂಥ ಅಕ್ಷರದಲ್ಲಿ ಎಲ್ಲ ಇಳಿಸಿ, ಕೊನೆಗೆ ತಮ್ಮದೊಂದು ಸಾಲು ಸೇರಿಸಿದರು: "ಇವೆಲ್ಲ ಬಂದ ಮೇಲೆ ಸುಧಾರಿಸುತ್ತೇವೆ."

ಹೆಡ್‌ಮಾಸ್ತರರು ಕಾಗದ ಹರಿದರು. "ಬೇಡೂದು ಬಿಡ್ರಿ. ಮಾಡೂದು ಬರೀರಿ."

ಹುಡುಗರು ಯಾಕೆ ಬರುತ್ತಿಲ್ಲ ಎನ್ನುವುದು ನಮಗೆಲ್ಲ ಗೊತ್ತಿತ್ತು. ತೊಗರಿಯನ್ನು ಇಬ್ಬನಿ ಆರುವ ಮುಂಚೆ ಕೊಯ್ಯಬೇಕು, ಬಿಸಿಲೇರಿದರೆ ಕಾಯಿ ಸಿಡಿದು ಕಾಳು ಮಣ್ಣುಪಾಲು. ಶಾಲೆಯ ಗಂಟೆಯೂ ಅದೇ ಹೊತ್ತಿಗೆ. ಕೊನೆಗೆ ಬರೆದದ್ದು ಒಂದೇ ಸಾಲು: "ಮಾಸ್ತರರೆಲ್ಲ ಕೂಡಿ ಮಕ್ಕಳನ್ನು ಶಾಲೆಗೆ ತರುತ್ತೇವೆ." ಹೇಗೆ ಎನ್ನುವುದನ್ನು ದೇವರಿಗೆ ಬಿಟ್ಟಿದ್ದೆವು.

೩. ಐದನೆಯವರು

ಮರುದಿನವೇ ಊರಿನ ದೊಡ್ಡ ಹೊಲಕ್ಕೆ ಹೋದೆವು. ಏಳನೇ ತರಗತಿ ಪೂರ್ತಿ ಅಲ್ಲೇ ಇತ್ತು. ಹೊಲದ ಗೌಡರು ಮುಖ ಎತ್ತದೆ ಹೇಳಿದರು: "ಹುಡುಗರನ್ನ ಒಯ್ಯಿರಿ, ಬ್ಯಾಡ ಅನ್ನಂಗಿಲ್ಲ. ಕೊಯ್ಯಾವ್ರು ಯಾರ್ರಿ?"

ನಾಲ್ಕು ಕುಡಗೋಲು ಬಂದವು. ಹೆಡ್‌ಮಾಸ್ತರರು ರುಮಾಲು ತೆಗೆದಿಟ್ಟರು. ಮೂರು ದಿನ ಕೊಯ್ದೆವು. ನಡುವೆ ನಾನು ಹುಡುಗರನ್ನು ಬದುವಿನ ಮೇಲೆ ಕೂರಿಸಿ, ತೊಗರಿ ಸಾಲು ಎಣಿಸುತ್ತ ಗುಣಾಕಾರ ಹೇಳಿಸಿದೆ, ಉರ್ದು ಮಾಸ್ತರರು ಪಾಠ ಒಪ್ಪಿಸಿಕೊಂಡರು.

ಮೂರನೆಯ ಬೆಳಿಗ್ಗೆ ಇನ್ಸ್‌ಪೆಕ್ಟರ್ ಸಾಹೇಬರು ಹೇಳದೆ ಕೇಳದೆ ಬಂದರು. ಶಾಲೆಗೆ ಬೀಗ. ಹುಡುಕುತ್ತ ಹೊಲಕ್ಕೇ ಬಂದು ಬದುವಿನ ಮೇಲೆ ನಿಂತರು. ಏಳನೇ ತರಗತಿ ಮುಗಿಯಿತು ಅಂದುಕೊಂಡೆ.

ಸಾಹೇಬರು ಬಾಯಿ ತೆರೆಯುವ ಮೊದಲೇ ಗೌಡರು ಕುಡಗೋಲು ಚಾಚಿದರು: "ಎಷ್ಟ ತಡಾ ಮಾಡಿ ಬಂದ್ರಿ ಮಾಸ್ತರ? ನಾಕ ಮಂದಿ ಮುಕ್ಕಾಲ ಹೊಲ ಮುಗಿಸ್ಯಾರ. ಇಬ್ಬನಿ ಆರಾಕತ್ತದ, ಹಿಡೀರಿ!"

ಸಾಹೇಬರು ನಮ್ಮನ್ನು ನೋಡಿದರು, ಗುಣಾಕಾರ ಹೇಳುತ್ತಿದ್ದ ಮಕ್ಕಳನ್ನು ನೋಡಿದರು. ಶೇರ್ವಾನಿಯ ತೋಳು ಮಡಚಿ ಹೊಲಕ್ಕಿಳಿದರು.

ಬಿಸಿಲೇರುವಷ್ಟರಲ್ಲಿ ಹೊಲ ಮುಗಿಯಿತು. ಸಾಹೇಬರು ಬೆವರು ಒರೆಸಿಕೊಂಡು, "ನಾಳೆ ಮಕ್ಕಳು ಬರ್ತಾರಾ?" ಎಂದರು.

"ನಾನ ಕಳಸ್ತೇನ್ರಿ," ಎಂದರು ಗೌಡರು.

ಏಳನೇ ತರಗತಿ ಮುಂದುವರಿಯಲಿ ಎಂದು ಸಾಹೇಬರು ಅಲ್ಲೇ ಬರೆದುಕೊಟ್ಟರು. ಹೆಡ್‌ಮಾಸ್ತರರ ಕಣ್ಣು ತುಂಬಿತು, ನನಗೂ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಗೌಡರು ಕೊಯ್ದ ಸಾಲುಗಳನ್ನು ನೋಡಿಕೊಂಡು ಬಂದರು. ಸಾಹೇಬರ ಸಾಲಿನಲ್ಲಿ ನೆಲಮಟ್ಟಕ್ಕೆ ಕೊಯ್ಯಬೇಕಾದ ತೊಗರಿಯ ಬುಡಗಳು ಮೊಣಕಾಲೆತ್ತರ ನಿಂತಿದ್ದವು. ಗೌಡರು ಹೆಡ್‌ಮಾಸ್ತರರನ್ನು ಬದಿಗೆ ಕರೆದು, ಎಲ್ಲರಿಗೂ ಕೇಳುವಂತೆ ಗುಟ್ಟು ಹೇಳಿದರು:

"ನೀವು ನಾಕೂ ಮಂದಿ ಛಲೋ ಅದೀರಿ. ಈ ಹೊಸಾ ಮಾಸ್ತರಗ ಮಾತ್ರ ಒಂದೀಟು ಸುಧಾರಣಾ ಬೇಕ್ರಿ."