ಧನ್ಯಾಳ ಸ್ವಂತ ಸಾಸ್

ಈ ಮನೆಯಲ್ಲಿ ಒಂದೇ ಒಂದು ರುಚಿಯಾದರೂ ತನ್ನದಾಗಿರಬೇಕು ಎಂದು ಧನ್ಯಾ ಬೆಳಿಗ್ಗೆಯೇ ಪಣ ತೊಟ್ಟಳು. ವಸ್ತಾರೆಯ ಆ ಅಡುಗೆಮನೆಯಲ್ಲಿ ಉಪ್ಪು, ಹುಳಿ, ಖಾರ ಮೂರೂ ಅತ್ತೆ ಗಿರಿಜಾಂಬಾ ಅವರ ಆಳ್ವಿಕೆಗೆ ಸೇರಿದ್ದವು. ಆದರೆ ಬಾರ್ಬೆಕ್ಯೂ ಸಾಸ್ ಅವರ ಗಡಿಯಿಂದಾಚೆ. ಸಂಜೆ ನಾದಿನಿ ರಕ್ಷಾ ಬರುತ್ತಾಳೆ, ಅಂಗಳದಲ್ಲಿ ಕೆಂಡದ ಮೇಲೆ ಪನೀರು, ಅನಾನಸ್ ಸುಡುವುದು. ಸಾಸ್ ಮಾತ್ರ ಧನ್ಯಾಳ ಕೈಯದು.

"ಅಂಗಡಿ ಬಾಟ್ಲಿ ತಂದ್ರಾಯ್ತು ಮಾರಾಯ್ತಿ," ಎಂದ ಗಂಡ ಮಲ್ಲೇಶ್.

"ಅದು ಕೆಮ್ಮಿನ ಔಷಧಿ ಸವರಿದ ಹಾಗಿರುತ್ತೆ."

ಟೊಮೆಟೊ, ಬೆಲ್ಲ, ಸುಟ್ಟ ಬೆಳ್ಳುಳ್ಳಿ. ಕೊನೆಗೆ, ಯಾರ ಕಣ್ಣಿಗೂ ಬೀಳದಂತೆ, ಒಂದು ಸೌಟು ಕಾಫಿ ಡಿಕಾಕ್ಷನ್. ಸಣ್ಣ ಉರಿಯಲ್ಲಿ ಸಾಸ್ ಕಪ್ಪಗೆ, ಸೋಮಾರಿಯಾಗಿ ಗುಳುಗುಳು ಎನ್ನುತ್ತಿತ್ತು. ಅಷ್ಟರಲ್ಲಿ ಪಾಪು ಅತ್ತಿತು. ಮಲಗಿಸಲು ಹೋದವಳು ಮಗುವಿನ ನೆತ್ತಿಯ ಎಣ್ಣೆ ವಾಸನೆಯಲ್ಲಿ, ಒಲೆಯಿಂದ ತೇಲಿಬರುವ ಘಮದಲ್ಲಿ ತಾನೂ ತೇಲಿಹೋದಳು. ಕನಸಿನಲ್ಲಿ ಗೋಣಿಬೀಡಿನ ಅಂಗಡಿಗಳ ತುಂಬ ಅವಳ ಸಾಸಿನ ಬಾಟಲಿಗಳು. ಬಸ್ಸಿಳಿದವರೆಲ್ಲ ಮನೆಗೆ ಹೋಗುವುದನ್ನೂ ಮರೆತು ಬೆರಳು ನೆಕ್ಕುತ್ತ ನಿಂತಿದ್ದರು.

ಎದ್ದು ಬಂದು ನೋಡಿದರೆ, ಸಣ್ಣ ಬಾಣಲೆಯಲ್ಲಿದ್ದ ಸಾಸ್ ಅನ್ನದ ಪಾತ್ರೆಗೆ ಬಡ್ತಿ ಪಡೆದಿತ್ತು.

"ಯಾರು ಮುಟ್ಟಿದ್ದು ಇದನ್ನ?"

"ಸಪ್ಪೆ ಇತ್ತು. ನಾಲ್ಕು ಸೂಜಿಮೆಣಸು ಜಜ್ಜಿ ಹಾಕಿದೆ," ಎಂದ ಮಲ್ಲೇಶ್.

"ಆ ಖಾರಕ್ಕೆ ನನ್ನ ಕಿವೀಲಿ ಹೊಗೆ ಬಂತಮ್ಮ. ಬೆಲ್ಲ ಹಾಕಿದೆ," ಎಂದರು ಮಾವ ಬಸವರಾಜಪ್ಪ.

"ಬೆಲ್ಲ ಅಂದ್ರೆ ಅಚ್ಚು ಅಚ್ಚೇ ಹಾಕೋದಾ? ಪಾಯಸ ಆಗಿತ್ತು," ಎಂದರು ಗಿರಿಜಾಂಬಾ. "ಹುಣಸೆಹಣ್ಣು ಕಿವುಚಿ ಬಿಟ್ಟು, ಎಳ್ಳು ಪುಡಿ ಹಾಕಿ ನಾನೇ ಸರಿ ಮಾಡಿದೆ."

ಸಂಜೆ ರಕ್ಷಾ ಬಂದವಳೇ ಸುಟ್ಟ ಅನಾನಸ್ ಹೋಳನ್ನು ಅದರಲ್ಲಿ ಅದ್ದಿ, ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಅಮ್ಮಾ, ನಿನ್ನ ಗೊಜ್ಜು ತಿಂದು ಎಷ್ಟು ದಿನ ಆಗಿತ್ತು."

ಧನ್ಯಾ ಅತ್ತೆಯನ್ನು ಕೆಂಡದ ಪಕ್ಕಕ್ಕೆ ಕರೆದಳು. "ನನ್ನದು ಅಂತ ಒಂದಾದ್ರೂ ಇರಲಿ ಅಂತಿದ್ದೆ ಅತ್ತೆ. ಒಬ್ರು ಮಾಡಿದ್ದನ್ನ ಹೇಳದೆ ಕೇಳದೆ ತಿದ್ದಬಹುದಾ?"

ಗಿರಿಜಾಂಬಾ ಪನೀರು ಮಗುಚುತ್ತ ಮೆಲ್ಲಗೆ ಹೇಳಿದರು: "ನನ್ನ ಸಾರಿಗೆ ನೀನು ದಿನಾ ಬಡಿಸೋ ಮುಂಚೆ ಕದ್ದು ನಿಂಬೆಹುಳಿ ಹಿಂಡ್ತೀಯಲ್ಲ, ಆಗಿಂದ ಎಲ್ರೂ ಎರಡೆರಡು ಸಲ ಹಾಕಿಸ್ಕೋತಾರೆ. ನಾನು ಬಾಯಿ ಬಿಟ್ಟಿದೀನಾ?"

ಧನ್ಯಾ ಒಂದು ಹೋಳು ಅನಾನಸ್ ಸಾಸಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಹಾಳಾದ್ದು, ಚೆನ್ನಾಗಿತ್ತು.

ಒಂಚೂರು ನಿಂಬೆಹುಳಿ ಬೇಕಿತ್ತು, ಅಷ್ಟೇ.